ಕಟೌಟ್ ಮುಂದೆ ತಪ್ಪಿ ಬಂದ ಹಾಡು

ಆ ಹೊಸ ಹಾಡು ಚೆನ್ನಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಹೇಳಿದ್ದಕ್ಕೇ ನನ್ನ ಕುರ್ಚಿ ಹೋಯಿತು.

ಮಾನ್ವಿಯಲ್ಲಿ ಒಂದು ಸೌಂಡ್ ಸರ್ವಿಸ್‌ನಲ್ಲಿ ನನ್ನ ಕೆಲಸ. ಮದುವೆ, ಮೆರವಣಿಗೆ, ಜಯಂತಿ, ಗಣಪತಿ, ಸಿನಿಮಾ ಬಿಡುಗಡೆ, ಎಲ್ಲಿ ಜನ ಕುಣಿಯಬೇಕೋ ಅಲ್ಲಿಗೆ ನಮ್ಮ ಸ್ಪೀಕರ್ ಬಾಕ್ಸ್ ಹೋಗುತ್ತವೆ. ನಾಲ್ಕು ವರ್ಷ ನಾನು ಬಾಕ್ಸ್ ಹೊತ್ತೆ. ಒಂದೊಂದು ಬೇಸ್ ಬಾಕ್ಸ್ ಒಂದೊಂದು ಎಮ್ಮೆ ಕರು ಇದ್ದ ಹಾಗೆ. ಐದನೇ ವರ್ಷ ಅಂಗಡಿಯ ಸಾವ್ಕಾರರು ನನ್ನನ್ನು ಮಿಕ್ಸರ್ ಮುಂದೆ ಕೂರಿಸಿದರು. ಯಾವ ಬಾಕ್ಸಿಗೆ ಎಷ್ಟು ದನಿ ಹೋಗಬೇಕು, ಯಾವ ಹಾಡಾದ ಮೇಲೆ ಯಾವ ಹಾಡು ಬರಬೇಕು, ಎಲ್ಲ ಅಲ್ಲಿಂದಲೇ ನಡೆಯುತ್ತದೆ. ಅಲ್ಲಿರುವುದು ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಒಂದು ಕೈ ಮುರಿದಿದೆ. ಬಾಕ್ಸ್ ಹೊರುವುದಕ್ಕೆ ಯಾರಾದರೂ ಸಿಗುತ್ತಾರೆ. ಆ ಕುರ್ಚಿಯಲ್ಲಿ ಕೂರುವವನು ಒಬ್ಬನೇ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಅದಕ್ಕಿಂತ ದೊಡ್ಡ ಕುರ್ಚಿ ಸಿಗುವುದಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ನಾನು ಸಂಗೀತ ಕಲಿತಿಲ್ಲ. ರಾಗದ ಹೆಸರು ಕೇಳಬೇಡಿ. ನಾನು ಕಲಿತದ್ದು ಮೆಮೊರಿ ಕಾರ್ಡಿನಿಂದ. ದೇವದುರ್ಗದಲ್ಲಿ ನಮ್ಮ ಮನೆ ಹತ್ತಿರ ಒಂದು ಮೊಬೈಲ್ ಅಂಗಡಿ ಇತ್ತು. ಅಂಗಡಿಯವನು ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಿದ್ದ. ಬೇರೆಯವರು ಹಿಟ್ ಹಾಡು ಆರಿಸಿ ತುಂಬಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಸಿನಿಮಾಕ್ಕೆ ಸಿನಿಮಾನೇ ಕೇಳುತ್ತಿದ್ದೆ. ಐದು ಹಾಡು ಇದ್ದರೆ ಐದೂ ಬೇಕು, ಸಿನಿಮಾದವರು ಇಟ್ಟ ಸಾಲಿನಲ್ಲೇ ಬೇಕು. ಮೊದಲನೆಯದು ಹೀರೊ ಬರುವ ಹಾಡು, ಅದು ಅಭಿಮಾನಿಗಳಿಗೆ. ಎರಡನೆಯದು ಪ್ರೀತಿಯ ಹಾಡು, ಅದು ಟಿವಿಗೆ. ಮೂರನೆಯದು ಕುಣಿತದ್ದು, ಅದು ನಮ್ಮ ಬಾಕ್ಸಿಗೆ. ನಾಲ್ಕನೆಯದು ಅಳುವ ಹಾಡು. ಐದನೆಯದಕ್ಕೆ ಬರುವ ಹೊತ್ತಿಗೆ ನಿರ್ಮಾಪಕ ಸುಸ್ತಾಗಿರುತ್ತಾನೆ, ಹೀರೊ ಕೊಟ್ಟ ಡೇಟ್ ಮುಗಿದಿರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಸಂಗೀತ ನಿರ್ದೇಶಕ ತನಗೆ ಬೇಕಾದ ಹಾಡನ್ನು ಅಲ್ಲಿ ಮಾಡಿರುತ್ತಾನೆ. ಅದಕ್ಕೇ ನಾನು ಹೊಸ ಸಿನಿಮಾ ಬಂದರೆ ಐದನೇ ಹಾಡನ್ನು ಮೊದಲು ಕೇಳುತ್ತಿದ್ದೆ. ಅದು ಕೆಟ್ಟದ್ದಾದರೆ ಉಳಿದದ್ದು ಕೇಳುವುದು ದಂಡ.

ಈಗ ಐದನೇ ಹಾಡೇ ಇಲ್ಲ. ತಿಂಗಳಿಗೊಂದು ಹಾಡು ಬಿಡುತ್ತಾರೆ. ಚಿತ್ರದ ಬದಲು ಅಕ್ಷರ ಓಡಿಸುತ್ತಾರೆ. ಮೂರು ಹಾಡಿಗೆ ಮೂರು ಬೇರೆ ಜನ ಸಂಗೀತ ಕೊಟ್ಟಿರುತ್ತಾರೆ. ಒಂದು ಮನೆಗೆ ಮೂರು ಮೇಸ್ತ್ರಿ ಬಂದು ಮೂರು ಗೋಡೆ ಕಟ್ಟಿದ ಹಾಗೆ. ಹಿನ್ನೆಲೆ ಸಂಗೀತವಂತೂ ಕೇಳಲೇಬೇಡಿ. ಹೀರೊ ಕಾರಿನಿಂದ ಇಳಿದರೆ ಎಂಟು ಜನ ಸೇರಿ ಅವನ ಹೆಸರು ಕಿರುಚುತ್ತಾರೆ. ಅವನು ಇಳಿದದ್ದು ನಮಗೆ ಕಾಣುತ್ತದೆ. ಕಣ್ಣಿಲ್ಲವೇನು ನಮಗೆ?

ಹಾಗಂತ ಹಳೆಯದೆಲ್ಲ ಬಂಗಾರ ಅನ್ನುವವರ ಜೊತೆಗೂ ನಾನಿಲ್ಲ. ಹಳೆಯ ಸಿನಿಮಾಗಳಲ್ಲೂ ಕಸ ಇತ್ತು. ಕಸ ಕೊಳೆತು ಹೋಯಿತು, ಚೆನ್ನಾಗಿದ್ದದ್ದು ಉಳಿಯಿತು, ಉಳಿದದ್ದನ್ನು ಮಾತ್ರ ಕೇಳಿ ಇವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾರೆ. ಕನ್ನಡ, ತೆಲುಗು, ಹಿಂದಿ ಎಂಬ ಜಗಳವೂ ನನಗೆ ಬೇಡ. ರಾಯಚೂರಿನಲ್ಲಿ ಒಂದು ಮದುವೆಯಲ್ಲಿ ಮೂರೂ ಹಾಕಬೇಕು, ಮೂರಕ್ಕೂ ಅದೇ ಜನ ಕುಣಿಯುತ್ತಾರೆ. ಬಾಕ್ಸಿಗೆ ಭಾಷೆ ಗೊತ್ತಿಲ್ಲ. ಬಾಕ್ಸಿಗೆ ಗೊತ್ತಿರುವುದು ಒಂದೇ: ಹಾಡಿನೊಳಗೆ ಜಾಗ ಇದೆಯೋ, ಎಲ್ಲ ವಾದ್ಯ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿವೆಯೋ. ಕೆಟ್ಟ ಹಾಡನ್ನು ಮೊಬೈಲಿನಲ್ಲಿ ಮುಚ್ಚಿಡಬಹುದು. ಇಪ್ಪತ್ತು ಬಾಕ್ಸಿನಲ್ಲಿ ಮುಚ್ಚಿಡಲು ಆಗುವುದಿಲ್ಲ.

ಪ್ರತಿ ಸೌಂಡ್ ಸರ್ವಿಸ್‌ನವರಿಗೂ ಒಂದು ಪರೀಕ್ಷೆ ಹಾಡು ಇರುತ್ತದೆ. ಬಾಕ್ಸ್ ಜೋಡಿಸಿ, ವೈರ್ ಎಳೆದ ಮೇಲೆ ಮೊದಲು ಅದನ್ನೇ ಹಾಕುವುದು. ನನ್ನ ಪರೀಕ್ಷೆ ಹಾಡು ಒಂದು ವಾರಕ್ಕೆ ಟಾಕೀಸಿನಿಂದ ಎತ್ತಿಹೋದ ಸಿನಿಮಾದ್ದು. ಸಿನಿಮಾ ದಂಡ, ಹಾಡು ಚಿನ್ನ. ಮೊದಲು ಒಂದು ಕೊಳಲು, ಬೇರೆ ಏನೂ ಇಲ್ಲ. ಆಗ ಸಣ್ಣ ಬಾಕ್ಸ್ ಸರಿ ಇವೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಡೋಲಕ್, ಅದು ನಡುವಿನ ಬಾಕ್ಸಿಗೆ. ಆಮೇಲೆ ಒಂದು ಉಸಿರಿನಷ್ಟು ಸುಮ್ಮನೆ. ಆಮೇಲೆ ಬೇಸ್ ಬೀಳುತ್ತದೆ, ಎದೆಗೆ ಒದ್ದ ಹಾಗೆ. ಯಾವ ಬಾಕ್ಸ್ ಕೆಟ್ಟಿದ್ದರೂ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಪೆನ್‌ಡ್ರೈವಿನಲ್ಲಿ ಅದೇ ಮೊದಲು ಬರಲಿ ಅಂತ ಅದರ ಹೆಸರಿನ ಶುರುವಿಗೆ ಸೊನ್ನೆ ಸೊನ್ನೆ ಅಂತ ಹಾಕಿಟ್ಟಿದ್ದೆ. ಎಲ್ಲರೂ ಹಾಗೇ ಮಾಡುವುದು.

ಆ ಸಿನಿಮಾದ ಹೀರೊ ಬೇರೆ. ನಮ್ಮ ಕಡೆಯ ಅಭಿಮಾನಿ ಸಂಘದವರು ಪೂಜಿಸುವ ಹೀರೊ ಬೇರೆ. ಈ ಇಬ್ಬರ ಅಭಿಮಾನಿಗಳು ಒಂದು ಹೋಟೆಲಿನಲ್ಲಿ ವಗ್ಗರಣೆ ಮಿರ್ಚಿ ತಿನ್ನುವುದಿಲ್ಲ. ಇದು ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ. ತಪ್ಪು ನನ್ನದೇ.

ರಾಯಚೂರಿನಲ್ಲಿ ಸಂಘದವರ ಹೀರೊನ ಹೊಸ ಸಿನಿಮಾ ಬಿಡುಗಡೆ. ಬೆಳಿಗ್ಗೆ ಮೊದಲ ಆಟಕ್ಕೆ ಮುಂಚೆ ಟಾಕೀಸಿನ ಮುಂದೆ ಕಟೌಟಿಗೆ ಹಾಲಿನ ಅಭಿಷೇಕ. ದೇವದುರ್ಗದಿಂದ ಸಂಘದ ಅಧ್ಯಕ್ಷ ಹುಡುಗರನ್ನು ತುಂಬಿಕೊಂಡು ಬಂದಿದ್ದ. ಮಾನ್ವಿಯಿಂದ ನಾವು ಬಾಕ್ಸ್ ತಂದಿದ್ದೆವು. ಅಧ್ಯಕ್ಷ ನಮ್ಮ ಸಾವ್ಕಾರರ ದೊಡ್ಡ ಗಿರಾಕಿ. ಹೀರೊನ ಹುಟ್ಟುಹಬ್ಬ, ಗಣಪತಿ, ಅಧ್ಯಕ್ಷನ ಬಳಗದ ಮದುವೆಗಳು, ಎಲ್ಲ ನಮಗೇ ಬರುತ್ತವೆ.

ಹೊಸ ಸಿನಿಮಾದ ಹಾಡನ್ನು ನಾನು ದಿನನಿತ್ಯ ಬಳಸುವ ಪೆನ್‌ಡ್ರೈವಿಗೇ ತುಂಬಿಕೊಂಡಿದ್ದೆ. ಬೇರೆ ಪೆನ್‌ಡ್ರೈವ್ ಮಾಡಬೇಕಿತ್ತು. ಮಾಡಲಿಲ್ಲ.

ಹಾಡು ಚೆನ್ನಾಗಿ ನಡೆದಿತ್ತು. ಚೆನ್ನಾಗಿ ಅಂದರೆ ದನಿ ಚೆನ್ನಾಗಿತ್ತು. ಅಧ್ಯಕ್ಷ ಹಾಲಿನ ಕೊಡ ಹೊತ್ತು ಏಣಿ ಹತ್ತಿದ. ಕೆಳಗೆ ಹುಡುಗರು ಕುಣಿಯುತ್ತಿದ್ದರು. ಒಬ್ಬ ಹಿಂದೆ ಹಿಂದೆ ಕುಣಿಯುತ್ತ ಬಂದು ಜನರೇಟರ್ ವೈರಿಗೆ ಕಾಲು ಸಿಕ್ಕಿಸಿಕೊಂಡ. ಎಲ್ಲ ಬಂದ್.

ನಾನು ಓಡಿಹೋಗಿ ವೈರ್ ಸಿಕ್ಕಿಸಿದೆ. ಕರೆಂಟ್ ಬಂತು. ನಮ್ಮ ಪ್ಲೇಯರ್‌ಗೆ ಒಂದು ಗುಣ ಇದೆ. ಕರೆಂಟ್ ಹೋಗಿ ಬಂದರೆ ಅದಕ್ಕೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಪೆನ್‌ಡ್ರೈವಿನ ಮೊದಲ ಹಾಡಿನಿಂದ ಶುರು ಮಾಡುತ್ತದೆ. ನಾನು ಜನರೇಟರ್ ಹತ್ತಿರ, ಮಿಕ್ಸರ್ ಜನರ ಆಚೆ. ಕೊಳಲು ಶುರುವಾಯಿತು.

ಏಣಿಯ ಮೇಲೆ ಅಧ್ಯಕ್ಷ ತಮ್ಮ ಹೀರೊನ ತಲೆಗೆ ಹಾಲು ಸುರಿಯುತ್ತಿದ್ದಾನೆ. ಕೆಳಗೆ ಇಪ್ಪತ್ತು ಬಾಕ್ಸಿನಲ್ಲಿ ಇನ್ನೊಬ್ಬ ಹೀರೊನ ಹಾಡು. ಮೊದಲು ಯಾರಿಗೂ ತಿಳಿಯಲಿಲ್ಲ. ಬೇಸ್ ಬಿತ್ತು. ಹುಡುಗರು ಕುಣಿಯತೊಡಗಿದರು. ನಿಜ ಹೇಳಬೇಕೆಂದರೆ ಹೊಸ ಹಾಡಿಗಿಂತ ಚೆನ್ನಾಗಿ ಕುಣಿದರು. ಹಾಡುವವನು ಬಾಯಿ ಬಿಟ್ಟ ಮೇಲೆಯೇ ಅಧ್ಯಕ್ಷನಿಗೆ ಗೊತ್ತಾದದ್ದು.

"ಲೇ! ಯಾರ ಹಾಡಲೇ ಅದು! ಬಂದ್ ಮಾಡಲೇ!" ಎಂದು ಏಣಿಯ ಮೇಲಿಂದ ಕೂಗಿದ. ಕೊಡ ಕೈಯಲ್ಲಿತ್ತು. ಕೂಗುವ ಭರದಲ್ಲಿ ಅರ್ಧ ಹಾಲು ಅವನ ಮೈಮೇಲೇ ಬಿತ್ತು.

ನಾನು ಜನರನ್ನು ತಳ್ಳಿಕೊಂಡು ಹೋಗಿ ಬಂದ್ ಮಾಡುವಷ್ಟರಲ್ಲಿ ಪಲ್ಲವಿ ಮುಗಿದಿತ್ತು. ಯಾರೋ ವಿಡಿಯೊ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಆಚೆ ಕಡೆಯ ಅಭಿಮಾನಿಗಳು ಅದನ್ನು ಊರೂರಿಗೆ ಕಳಿಸಿದ್ದರು. ಮೇಲೆ ಬರೆದಿದ್ದರು: "ಹಾಲು ಅವರದು, ಹಾಡು ನಮ್ಮದು." ಮಲ್ಲಟದಲ್ಲಿರುವ ನನ್ನ ಗೆಳೆಯನಿಗೂ ಬಂತು, ಅವನು ನನಗೇ ಕಳಿಸಿ ನಗುವ ಗುರುತು ಹಾಕಿದ.

ಮರುದಿನ ಅಧ್ಯಕ್ಷ ಐದಾರು ಜನರನ್ನು ಕರೆದುಕೊಂಡು ಮಾನ್ವಿಯ ನಮ್ಮ ಅಂಗಡಿಗೆ ಬಂದ. ಸಾವ್ಕಾರರು ಚಹಾ ತರಿಸಿದರು. ಯಾರೂ ಚಹಾ ಮುಟ್ಟಲಿಲ್ಲ.

"ಸಾವ್ಕಾರ್ರ, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ. ಈ ಮಗಾ ಬೇಕಂತ ಮಾಡ್ಯಾನ" ಅಂದ ಅಧ್ಯಕ್ಷ.

"ಬೇಕಂತ ಮಾಡಿಲ್ಲಣ್ಣ. ಕರೆಂಟ್ ಹೋಗಿ ಬಂತು. ಪ್ಲೇಯರ್ ಮೊದಲನೇ ಹಾಡಿಗಿ ಹೋತು" ಅಂದೆ.

"ಮೊದಲನೇ ಹಾಡು ಅವಂದ್ಯಾಕ ಇತ್ತು?"

"ಟೆಸ್ಟಿಂಗಿಗಿ ಇಟ್ಟೀನಿ."

"ನಮ್ಮ ಹೀರೊನ ಹಾಡು ಟೆಸ್ಟಿಂಗಿಗಿ ಬರಂಗಿಲ್ಲೇನು?"

ಬರುವುದಿಲ್ಲ. ಆದರೆ ಸಾವ್ಕಾರರು ಕಣ್ಣು ಬಿಟ್ಟರು, ನಾನು ಬಾಯಿ ಮುಚ್ಚಿದೆ.

ಅವರಿಗೆ ಬೇಕಾಗಿದ್ದದ್ದು ಕ್ಷಮೆಯ ವಿಡಿಯೊ. ಈಗ ಎಲ್ಲ ಕಡೆ ಇದೇ ಪದ್ಧತಿ. ಹೀರೊನ ಬಗ್ಗೆ ಯಾರಾದರೂ ಏನಾದರೂ ಅಂದರೆ ಅವನನ್ನು ಹಿಡಿದು ನಿಲ್ಲಿಸಿ, ಕೈ ಮುಗಿಸಿ, ವಿಡಿಯೊ ಮಾಡಿ, ಊರಿಗೆಲ್ಲ ಹಂಚುವುದು. ನಾನು ಒಪ್ಪಿದೆ. ತಪ್ಪು ಮಾಡಿದವನು ಕೈ ಮುಗಿದರೆ ಕೈ ಸವೆಯುವುದಿಲ್ಲ. ಅಂಗಡಿಯ ಶಟರ್ ಮುಂದೆ ನಿಂತೆ. ಒಬ್ಬ ಮೊಬೈಲ್ ಹಿಡಿದ.

"ನಿನ್ನೆ ರಾಯಚೂರಾಗ ಬ್ಯಾರೆ ಹಾಡು ಬಂದದ್ದು ನನ್ನ ತಪ್ಪು. ಪೆನ್‌ಡ್ರೈವ್ ಬ್ಯಾರೆ ತರಬೇಕಿತ್ತು. ತರಲಿಲ್ಲ. ಎಲ್ಲ ಅಭಿಮಾನಿಗಳು ಮಾಫ್ ಮಾಡ್ರಿ" ಅಂದು ಕೈ ಮುಗಿದು ನಿಂತೆ.

"ಮುಂದ?" ಅಂದ ಅಧ್ಯಕ್ಷ.

"ಮುಗೀತಣ್ಣ."

"ಹೆಂಗ ಮುಗೀತು? ನಮ್ಮ ಹೀರೊನ ಹೊಸ ಹಾಡಿನ ಮುಂದ ಯಾವ ಹಾಡೂ ಇಲ್ಲ ಅನ್ನು. ಆ ಹಾಡು ಕಸ ಅನ್ನು. ಎರಡ ಮಾತು."

ಮುಗಿದ ಕೈ ಇಳಿಸಿದೆ. ಪೆನ್‌ಡ್ರೈವಿನ ತಪ್ಪು ನನ್ನದು, ಅದಕ್ಕೆ ಎಷ್ಟು ಸಲ ಬೇಕಾದರೂ ಕೈ ಮುಗಿಯುತ್ತೇನೆ. ಹಾಡು ಕೆಟ್ಟದ್ದಾಗಿರುವುದು ನನ್ನ ತಪ್ಪಲ್ಲ.

"ಹಾಡಿನ ಸುದ್ದಿ ಬ್ಯಾಡಣ್ಣ. ಅದನ್ನ ಮಾತಾಡಿದ್ರ ನಿಮಗ ಸೇರಂಗಿಲ್ಲ."

"ಮಾತಾಡಲೇ! ಏನದ ನೋಡೋಣ ನಿನ್ನ ಹೊಟ್ಟ್ಯಾಗ!"

ಕೇಳಿದರು, ಹೇಳಿದೆ. ಮೊಬೈಲ್ ಇನ್ನೂ ನಡೆಯುತ್ತಿತ್ತು.

"ಹಾಡಿಗಿ ಎರಡನೇ ಚರಣ ಇಲ್ಲ. ಮೊದಲನೇದನ್ನೇ ಕತ್ತರಿಸಿ ಹಚ್ಚ್ಯಾರ, ಮಾತು ಅಷ್ಟ ಬ್ಯಾರೆ. ತಬಲಾ ಹೊಡೆದ ಕೈ ಮನುಷ್ಯಂದಲ್ಲ, ಮಿಷಿನ್. ಹಾಡೋನ ದನಿ ನೀರಿನ ಟ್ಯಾಂಕಿನೊಳಗ ಕುಂತು ಹಾಡಿದಂಗದ. ಹೀರೊ ಚಲೋ ಕುಣದಾನ, ಅದಕ್ಕ ನಾನೂ ಸೀಟಿ ಹೊಡದೀನಿ. ಹಾಡು ಚಲೋ ಇಲ್ಲ."

ಮೊಬೈಲ್ ಹಿಡಿದಿದ್ದವನು ನಕ್ಕುಬಿಟ್ಟ. "ಅಣ್ಣಾ, ಎರಡನೇ ಚರಣದ ಮಾತು ಖರೇ ಐತಲ್ಲ" ಅಂದ.

"ನೀ ಯಾವ ಕಡಿ ಅದೀಯಲೇ?" ಎಂದು ಅಧ್ಯಕ್ಷ ಅವನ ತಲೆಗೆ ಒಂದು ಹಾಕಿದ. ಆಮೇಲೆ ವಿಡಿಯೊ ಅಳಿಸಿಸಿದ. ನನಗೆ ಹೊಡೆಯಲಿಲ್ಲ. ಸಾವ್ಕಾರರ ಕಡೆ ತಿರುಗಿ, "ಇವನು ಮಿಕ್ಸರ್ ಮುಂದ ಕುಂದ್ರೂತನ ನಮ್ಮ ಕೆಲಸ ನಿಮಗಿಲ್ಲ ನೋಡ್ರಿ" ಅಂದು ಹೊರಟುಹೋದ. ಚಹಾ ಹಾಗೇ ಉಳಿಯಿತು.

ಸಾವ್ಕಾರರು ಕೆಟ್ಟವರಲ್ಲ. ಒಂದು ಲೋಟ ನನ್ನ ಕಡೆ ಸರಿಸಿದರು.

"ತಮ್ಮಾ, ನಾವು ಬಾಕ್ಸ್ ಬಾಡಿಗಿ ಕೊಡೋರು. ಹಾಡು ಹೆಂಗದ ಅಂತ ಹೇಳಾಕ ನಮ್ಮನ್ನ ಯಾರೂ ಕರೆಯಂಗಿಲ್ಲ. ಎರಡ ಮಾತು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

"ಅವರು ಹಾಡಿನ ಸುದ್ದಿ ತಗದ್ರು. ಹಾಡು ನನಗ ಗೊತ್ತದರಿ."

"ಗೊತ್ತದ ಅಂತ ಕುಂದ್ರಿಸೀನಿ ಅಲ್ಲಿ. ಗೊತ್ತದ ಅಂತ ಒದರಾಕಲ್ಲ. ಅವ ಸಮಾಧಾನ ಆಗೂತನ ನಮ್ಮ ಅಕ್ಕನ ಮಗ ಕುಂದರ್ತಾನ. ನೀ ಬಾಕ್ಸ್ ನೋಡ್ಕೋ."

ಕುರ್ಚಿ ಹೋಯಿತು.

ಭಾನುವಾರ ದೇವದುರ್ಗಕ್ಕೆ ಮನೆಗೆ ಹೋದೆ. ಅಕ್ಕ ಜಾಲಹಳ್ಳಿಯ ಕಡೆ ಶಾಲೆಯಲ್ಲಿ ಟೀಚರ್. ನಮ್ಮ ಮನೆಯಲ್ಲಿ ಓದಿ ನೌಕರಿ ಹಿಡಿದವಳು ಅವಳೊಬ್ಬಳೇ, ಹಾಗಾಗಿ ನನಗೆ ಬಯ್ಯುವ ಹಕ್ಕು ಅವಳದು. ಬಟ್ಟೆ ಒಣಗಿಸುತ್ತ ಎಲ್ಲ ಕೇಳಿಸಿಕೊಂಡಳು.

"ಆ ಎರಡ ಮಾತು ಅಂದುಬಿಡಪ. ನಾ ದಿನಾ ಸಾಲ್ಯಾಗ ಹೂಂ ಸರ್, ಹೂಂ ಸರ್ ಅಂತೀನಿ. ಅಂದ ಕೂಡ್ಲೆ ಅದು ಖರೇ ಆಕ್ಕತೇನು?"

"ಹೆಡ್‌ಮಾಸ್ಟ್ರು ಎರಡ ಎರಡಲಿ ಐದು ಅಂತ ಬೋರ್ಡ್ ಮ್ಯಾಲ ಬರಿ ಅಂದ್ರ ಬರೀತಿಯೇನು?"

"ಅದು ಲೆಕ್ಕ, ಇದು ಹಾಡು."

"ನನಗ ಹಾಡ ಲೆಕ್ಕ."

"ಲೆಕ್ಕದಾಗ ಫೇಲಾಗೇ ಸಾಲಿ ಬಿಟ್ಟಿಯಲ್ಲೋ ನೀನು!" ಅಂದಳು. ಅವ್ವ ಒಳಗಿನಿಂದ ನಕ್ಕಳು. ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ನನ್ನ ಅಂಗಿಯನ್ನು ಜಾಡಿಸಿ ಹಗ್ಗಕ್ಕೆ ಹಾಕುತ್ತ ಅಂದಳು: "ಆ ಕುರ್ಚಿ ಸಿಕ್ಕಾಗ ನೀನು ಫೋಟೊ ಕಳಿಸಿದ್ದಿ. ನಾ ಸ್ಟಾಫ್ ರೂಮಿನ್ಯಾಗ ಎಲ್ಲಾರಿಗೂ ತೋರಿಸೀನಿ. ನಮ್ಮ ತಮ್ಮ ಆಪರೇಟರ್ ಅಂದೀನಿ. ತಿಳಕೋ."

ಅಧ್ಯಕ್ಷನ ಕೂಗಿಗಿಂತ ಅದು ಹೆಚ್ಚು ಚುಚ್ಚಿತು. ಬಸ್ಸಿನಲ್ಲಿ ವಾಪಸು ಬರುತ್ತ ಆ ಎರಡು ಮಾತನ್ನು ಬಾಯೊಳಗೇ ಅಂದು ನೋಡಿದೆ. ಯಾವ ಹಾಡೂ ಇಲ್ಲ. ಆ ಹಾಡು ಕಸ. ಬಾಯಿಗೆ ಬಂತು, ತಡೆಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಒಮ್ಮೆ ಹೀಗೆ ಅಂದರೆ ನಾಳೆ ಕೊಳಲು ಕೇಳುವಾಗ ನನ್ನ ಕಿವಿಯನ್ನು ನಾನೇ ನಂಬುತ್ತೇನೋ ಇಲ್ಲವೋ. ನನ್ನ ಹತ್ತಿರ ಮಾರ್ಕ್ಸ್ ಕಾರ್ಡ್ ಇಲ್ಲ, ಹೊಲ ಇಲ್ಲ. ಇರುವುದು ಈ ಎರಡು ಕಿವಿ.

ಬಾಕ್ಸ್ ಹೊತ್ತೆ. ಮೂರು ವಾರ. ಸಾವ್ಕಾರರ ಅಕ್ಕನ ಮಗ ಕುರ್ಚಿಯಲ್ಲಿ ಕೂತ. ಪಾಪದವನು. ಹಾಡು ಹಾಕಿ ಮೊಬೈಲಿನಲ್ಲಿ ಆಟ ಆಡುತ್ತಾನೆ. ಎಲ್ಲ ಗುಂಡಿಯನ್ನೂ ಮೇಲಕ್ಕೆ ತಳ್ಳಿಬಿಡುತ್ತಾನೆ. ಹಾಡಿನ ನಡುವೆ ಬರುವ ಸಣ್ಣ ವೀಣೆಯ ತುಣುಕು, ಹಿಂದಿನಿಂದ ಹೆಣ್ಣುಮಕ್ಕಳು ಹಾಡುವ ಸಾಲು, ಒಂದೂ ಕೇಳುವುದಿಲ್ಲ. ಜನ ಅದಕ್ಕೂ ಕುಣಿಯುತ್ತಾರೆ. ಇದನ್ನೂ ಹೇಳಲೇಬೇಕು. ಚೆನ್ನಾಗಿ ಮಾಡಿದರೂ ಕುಣಿಯುತ್ತಾರೆ, ಕೆಡಿಸಿದರೂ ಕುಣಿಯುತ್ತಾರೆ. ಹಾಗಾದರೆ ಯಾಕೆ ಚೆನ್ನಾಗಿ ಮಾಡಬೇಕು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಮಾಡಬೇಕು, ಅಷ್ಟೇ.

ಮೂರನೇ ವಾರ ಸಾವ್ಕಾರರು ಗೋದಾಮಿಗೆ ಬಂದರು.

"ಅಧ್ಯಕ್ಷ ತಣ್ಣಗಾಗ್ಯಾನ. ವಿಡಿಯೊ ಬ್ಯಾಡಂತ. ಆ ಇನ್ನೊಂದು ಹಾಡಿನ ಸುದ್ದೀನೂ ಬ್ಯಾಡಂತ. ಸಂಘದ ವಾಟ್ಸಾಪ್ ಗ್ರೂಪಿನ್ಯಾಗ ಹೊಸ ಹಾಡು ಚಲೋ ಅದ ಅಂತ ಒಂದ ಸಾಲು ಬರಿ. ನಾಳಿ ಬಾಗಲವಾಡದಾಗ ಅವರ ಬಳಗದ್ದ ಮದುವಿ. ಕುರ್ಚಿ ನಿಂದ."

"ಸಂಜೀತನ ಟೈಮ್ ಕೊಡ್ರಿ" ಅಂದೆ.

"ಯಾಕಲೇ? ಒಂದ ಸಾಲು ಬರೆಯಾಕ ಪಂಚಾಂಗ ನೋಡ್ತಿಯೇನು?"

"ಹಾಡು ಮತ್ತೊಮ್ಮಿ ಕೇಳ್ತೀನ್ರಿ."

ಇದು ನಾಟಕ ಅಲ್ಲ. ಮೊದಲು ಕೇಳಿದಾಗ ತಪ್ಪು ಕೇಳಿರಬಹುದು. ಟಾಕೀಸಿನ ಮುಂದೆ ಗದ್ದಲ, ಆಮೇಲೆ ಸಿಟ್ಟು. ಹಾಡಿಗೂ ಒಂದು ನ್ಯಾಯ ಬೇಕು. ಹೋಗಿದ್ದದ್ದು ನನ್ನ ಕುರ್ಚಿ, ಹಾಗಾಗಿ ಆ ಹಾಡು ಚೆನ್ನಾಗಿರಲಿ ಅಂತ ನನಗಿಂತ ಹೆಚ್ಚು ಬಯಸಿದವರು ಆವತ್ತು ಯಾರೂ ಇರಲಿಲ್ಲ. ಅದನ್ನು ಮಾಡಿದವನೂ ಅಷ್ಟು ಬಯಸಿರಲಿಕ್ಕಿಲ್ಲ.

ಗೋದಾಮಿನ ಎರಡು ಒಳ್ಳೆಯ ಬಾಕ್ಸ್ ಆರಿಸಿ, ಎದುರು ಬದುರು ಅಲ್ಲ, ಪಕ್ಕ ಪಕ್ಕ ಇಟ್ಟೆ. ಬಾಗಿಲು ಎಳೆದುಕೊಂಡೆ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಿತ್ತು, ಬೆವರು ಹರಿಯುತ್ತಿತ್ತು. ಮೂರು ಸಲ ಕೇಳಿದೆ. ಒಮ್ಮೆ ಹೆಚ್ಚು ದನಿ, ಒಮ್ಮೆ ನಡುವೆ, ಒಮ್ಮೆ ಪಿಸುಮಾತಿನಷ್ಟು.

ಮೂರನೇ ಸಲ ಒಂದು ಸಿಕ್ಕಿತು. ಹಾಡು ಶುರುವಾಗುವಾಗ, ಡ್ರಮ್ಮಿನ ಅಡಿಯಲ್ಲಿ, ಒಂದು ಶಹನಾಯಿ ಇದೆ. ನಿಜವಾದ ಶಹನಾಯಿ. ಊದುವವನ ಉಸಿರು ತುಂಡಾಗುವುದೂ ಕೇಳುತ್ತದೆ. ನಾಲ್ಕು ಸೆಕೆಂಡ್. ಆಮೇಲೆ ಅದರ ಮೇಲೆ ಎಲ್ಲ ಬಂದು ಬೀಳುತ್ತದೆ, ಮತ್ತೆ ಆ ಶಹನಾಯಿ ಹಾಡಿನಲ್ಲಿ ಎಲ್ಲೂ ಬರುವುದಿಲ್ಲ. ಯಾವನೋ ಒಬ್ಬ ಒಳ್ಳೆಯ ಮನುಷ್ಯ ಬಂದು ಊದಿ ಹೋಗಿದ್ದಾನೆ. ಅವನನ್ನು ಹೂತುಬಿಟ್ಟಿದ್ದಾರೆ. ಆ ನಾಲ್ಕು ಸೆಕೆಂಡನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಖುಷಿಯಾಯಿತು, ಸಿಟ್ಟೂ ಬಂತು.

ಎರಡನೇ ಚರಣ ಇರಲಿಲ್ಲ. ಎಷ್ಟು ಸಲ ಕೇಳಿದರೂ ಇಲ್ಲದ್ದು ಬರುವುದಿಲ್ಲ.

ಸಂಜೆ ಸಾವ್ಕಾರರು ಕೇಳಿದರು, "ಬರದೇನು?"

"ನಾಲ್ಕ ಸೆಕೆಂಡ್ ಚಲೋ ಅದರಿ. ಅಷ್ಟ ಬರೀಲೇನು?"

ಅವರು ನನ್ನ ಮುಖ ನೋಡಿದರು. "ನಿಮ್ಮವ್ವ ನಿನ್ನ ಹೆಂಗ ಸಾಕಿದಳಲೇ" ಅಂದರು. "ಏನರ ಬರಿ. ಚಲೋ ಅನ್ನೋದು ಇರ್ಲಿ ಅದರಾಗ."

ಬರೆದೆ. ನನಗೆ ಟೈಪ್ ಮಾಡಲು ನಿಧಾನ, ಹಾಗಾಗಿ ಯೋಚಿಸಿಯೇ ಬರೆದೆ: "ಹೊಸ ಹಾಡಿನ ಶುರುವಿನಲ್ಲಿ ನಾಲ್ಕು ಸೆಕೆಂಡ್ ಶಹನಾಯಿ ಇದೆ. ಅದು ಬಹಳ ಚೆನ್ನಾಗಿದೆ. ಊದಿದವರಿಗೆ ನನ್ನ ನಮಸ್ಕಾರ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಯಾರಿಗೂ ಬೈಗುಳವೂ ಅಲ್ಲ.

ಮೊದಲು ಇಬ್ಬರು ಹೆಬ್ಬೆಟ್ಟಿನ ಗುರುತು ಹಾಕಿದರು. ಆಮೇಲೆ ಒಬ್ಬ ಕೇಳಿದ, "ಉಳಿದದ್ದು?" ನಾನು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದ. ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. ಸಾವ್ಕಾರರ ಫೋನ್ ಬಡಿದುಕೊಂಡಿತು. ಅವರು ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದರು.

ಬೆಳಿಗ್ಗೆ ಗಾಡಿ ಬಂತು. ಬಾಗಲವಾಡದ ಮದುವೆ ತಪ್ಪಿರಲಿಲ್ಲ. ಸಾವ್ಕಾರರ ಅಕ್ಕನ ಮಗ ಮಿಕ್ಸರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತ. ನಾನು ಬೇಸ್ ಬಾಕ್ಸಿನ ಒಂದು ಬದಿ ಹಿಡಿದೆ. ಇನ್ನೊಂದು ಬದಿ ಹಿಡಿಯಲು ಬಂದವರು ಸಾವ್ಕಾರರೇ.

ಎತ್ತುತ್ತ, ದಮ್ಮು ಕಟ್ಟಿ, ಕೇಳಿದರು: "ಆ ಶಹನಾಯಿ ಎಲ್ಲಿ ಬರ್ತದಲೇ? ನನಗ ಕೇಳಲೇ ಇಲ್ಲ."

"ಸಣ್ಣಗ ಇಡ್ರಿ ದನಿ. ಆವಾಗ ಕೇಳ್ತದ" ಅಂದೆ. ಬಾಕ್ಸನ್ನು ಗಾಡಿಯೊಳಕ್ಕೆ ತಳ್ಳಿದೆವು.